ನಲವತ್ತೊಂದು ಮಂದಿ ನೋಡಿದರು

ಬೆಟಗೇರಿಯ ಆ ಓಣಿಯಲ್ಲಿ ಒಂದು ಕಾಲಕ್ಕೆ ಮನೆಗೊಂದು ಮಗ್ಗ ಬಡಿಯುತ್ತಿತ್ತು. ಈಗ ಉಳಿದದ್ದು ಮೂರೋ ನಾಲ್ಕೋ. ಪ್ರಲ್ಹಾದನ ಮನೆಯೊಳಗಿಂದಲೂ ಹಗಲಿರುಳು ಒಂದು ಸದ್ದು ಬರುತ್ತಿತ್ತು, ಆದರೆ ಅದು ಲಾಳಿಯ ಸದ್ದಲ್ಲ, ಪಂಖದ ಸದ್ದು. ಮಾವ ಮುತ್ತಣ್ಣನ ಕುಣಿ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಏರಿಸಿ, ನೇಯುವವನು ಕಾಲು ಇಳಿಬಿಟ್ಟು ಕೂಡುವ ಆ ಕುಣಿಯೊಳಗೆ ಅವನು ಎರಡು ಹಳೇ ಕಂಪ್ಯೂಟರ್ ಇಳಿಸಿದ್ದ. ನೆಲದೊಳಗಿನ ತಂಪಿಗೆ ಬೇಸಿಗೆಯಲ್ಲೂ ಅವು ಕಾಯುತ್ತಿರಲಿಲ್ಲ. ಕಾಟ ಕೊಡುತ್ತಿದ್ದದ್ದು ಹತ್ತಿಯ ಧೂಳು ಒಂದೇ. ಮಗ್ಗ ಹೋಗಿ ಎಷ್ಟೋ ವರ್ಷವಾದರೂ ಗೋಡೆಯ ಸಂದಿನಿಂದ ಆ ಧೂಳು ಇಳಿದು ಪಂಖಕ್ಕೆ ಮೆತ್ತಿಕೊಳ್ಳುತ್ತಿತ್ತು. ವಾರಕ್ಕೊಮ್ಮೆ ಪ್ರಲ್ಹಾದ ಕುಣಿಯೊಳಗೆ ಇಳಿದು, ಬಣ್ಣದ ಬ್ರಷ್ ಹಿಡಿದು, ಬೈಯುತ್ತ ಬೈಯುತ್ತ ಅದನ್ನು ಬಿಡಿಸುತ್ತಿದ್ದ.

ಆ ಎರಡು ಕಂಪ್ಯೂಟರಿನ ಮೇಲೆ ನಡೆಯುತ್ತಿದ್ದದ್ದು 'ನೇಕಾರ ಕಟ್ಟೆ' ಎಂಬ ಜಾಲತಾಣ. ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ನೇಯುವವರು, ಬಣ್ಣ ಹಾಕುವವರು, ಸೀರೆ ಮಾರುವವರು, ಹಳೇ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವವರು ಎಲ್ಲ ಅಲ್ಲಿ ಸೇರುತ್ತಿದ್ದರು. ಯಾರ ಹತ್ತಿರ ನೂಲು ಉಳಿದಿದೆ, ಯಾರ ಮಗಳ ಲಗ್ನ ಕೂಡಿತು, ಯಾರು ತೀರಿಕೊಂಡರು, ಎಲ್ಲವೂ ಅಲ್ಲಿ ಬರುತ್ತಿತ್ತು. ಊರೂರಿನ ವಾಟ್ಸಾಪ್ ಗುಂಪುಗಳು ಹುಟ್ಟುವ ಮೊದಲೇ ಅದು ಹುಟ್ಟಿತ್ತು. ಅವು ಬಂದ ಮೇಲೂ ಸಾಯಲಿಲ್ಲ. ಕರೆಂಟು ಹೋದರೆ ಬ್ಯಾಟರಿ ಹಚ್ಚುವವನು, ಲೈನು ಕಡಿದರೆ ಕೇಬಲಿನವನ ಕೊರಳಪಟ್ಟಿ ಹಿಡಿಯುವವನು, ಡಿಸ್ಕು ಸತ್ತರೆ ಹುಬ್ಬಳ್ಳಿಗೆ ಓಡುವವನು ಪ್ರಲ್ಹಾದ ಒಬ್ಬನೇ. ದಿನಾ ಬೆಳಗಿನ ಜಾವ ಕಟ್ಟೆಯ ಒಂದು ಪೂರಾ ನಕಲು ಒಂದು ಸಣ್ಣ ಡಿಸ್ಕಿಗೆ ತಾನೇ ಇಳಿಯುವಂತೆ ಮಾಡಿದ್ದ. ರಾತ್ರಿ ಜೋಡಿಸಿ ಬೆಳಿಗ್ಗೆ ಬಿಚ್ಚಿದ ಆ ಡಿಸ್ಕು ಹಗಲೆಲ್ಲ ಇರುತ್ತಿದ್ದದ್ದು ದೇವರ ಜಗಲಿಯ ಮೇಲೆ. ಅವನ ಹೆಂಡತಿ ದ್ರಾಕ್ಷಾಯಣಿ ದೇವರಿಗೆ ಹಚ್ಚುವಾಗ ಅದಕ್ಕೂ ಒಂದು ಬೊಟ್ಟು ಕುಂಕುಮ ಹಚ್ಚುತ್ತಿದ್ದಳು.

ಪ್ರಲ್ಹಾದ ಹರ್ತಿಯವನು. ಊರ ಶಾಲೆಯಲ್ಲಿ ಹತ್ತನೇ ಇಯತ್ತೆ ಮುಗಿಸಿ, ಕೇಬಲ್ ಟೀವಿಯ ವಾಯರು ಎಳೆದು, ಗದುಗಿನ ಒಂದು ಸೈಬರ್ ಕೆಫೆಯಲ್ಲಿ ದುಡಿದು, ಅದು ಮುಚ್ಚಿದಾಗ ಅಲ್ಲಿಯ ಕಂಪ್ಯೂಟರುಗಳನ್ನೇ ಕೈಗಾಡಿಯ ಮೇಲೆ ಮನೆಗೆ ತಂದಿದ್ದ. ಮನೆಯೇನೋ ಮಾವನದು. ಮುತ್ತಣ್ಣನಿಗೆ ಗಂಡುಮಕ್ಕಳಿಲ್ಲ, ದ್ರಾಕ್ಷಾಯಣಿ ಒಬ್ಬಳೇ. ಮನೆ ಅಳಿಯ ಅನ್ನಿಸಿಕೊಂಡವನಿಗೆ ಊರೆಲ್ಲ ಗುಟ್ಟಾಗಿ ನಗುತ್ತದೆ ಎಂಬ ಗುಮಾನಿ ಸದಾ ಇರುತ್ತದೆ. ಪ್ರಲ್ಹಾದನಿಗೆ ಅದು ತುಸು ಹೆಚ್ಚೇ ಇತ್ತು. ಸಿಟ್ಟಂತೂ ಮೂಗಿನ ತುದಿಯಲ್ಲೇ. ಕಟ್ಟೆಯಲ್ಲಿ ಯಾರಾದರೂ ಅಡ್ಡಮಾತು ಆಡಿದರೆ ಮೊದಮೊದಲು ಬೈದು ಹೊರಗೆ ಹಾಕುತ್ತಿದ್ದ. ಅವರು ಮರುದಿನವೇ ಬೇರೆ ಹೆಸರಿನಿಂದ ಬಂದು ಮತ್ತೆ ಕಾಡುತ್ತಿದ್ದರು. ಕಡೆಗೆ ಅವನಿಗೆ ತಮ್ಮೂರ ಶಾಲೆ ನೆನಪಾಯಿತು. ಅಲ್ಲಿಯ ಮಾಸ್ತರರು ಹೊಡೆಯುತ್ತಿರಲಿಲ್ಲ. ಗಲಾಟೆ ಮಾಡಿದವನನ್ನು ಗೋಡೆಗೆ ಮುಖ ಮಾಡಿ ಕೂರಿಸಿಬಿಡುತ್ತಿದ್ದರು.

"ಗ್ವಾಡಿಗೆ ಕುಂಡ್ರಸೂದು ಅಂತ ಒಂದು ಬಟನ್ ಮಾಡೇನಿ ನೋಡ," ಎಂದು ಒಂದು ದಿನ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ್ದ. "ಅದನ್ನ ಒತ್ತಿದ್ನೆಂದ್ರ ಮುಗೀತು. ಅಂವ ಬರದದ್ದು ಅಂವಗ ಕಾಣತೈತಿ, ಮತ್ಯಾರಿಗೂ ಕಾಣೂದಿಲ್ಲ. ಗ್ವಾಡಿ ಮುಂದ ಕುಂತು ಬಡಬಡಿಸಲಿ."

"ಯಾರೂ ಉತ್ತರ ಕೊಡಲಿಲ್ಲಂದ್ರ ಸಂಶೇ ಬರೂದಿಲ್ಲೇನ್ರಿ?"

"ಅಲ್ಲೇ ಐತಿ ನೋಡು ಮಜಾ! ಕೆಳಗ 'ನಲವತ್ತೊಂದು ಮಂದಿ ನೋಡಿದರು' ಅಂತ ತಾನಽ ಬರತೈತಿ. ನಲವತ್ತಂದ್ರ ಸುಳ್ಳು ಅನಸತೈತಿ. ನಲವತ್ತೊಂದು ಅಂದ್ರ ಖರೆ ಅನಸತೈತಿ."

ದ್ರಾಕ್ಷಾಯಣಿ ಸಾರು ಬಡಿಸುವ ಸೌಟು ಹಿಡಿದುಕೊಂಡೇ ನಕ್ಕಿದ್ದಳು. "ಭಾಳ ಶಾಣ್ಯಾರಿದ್ದೀರಿ ಬಿಡ್ರಿ."

ಗೋಡೆಗೆ ಕೂತವರು ಬರೆದದ್ದೆಲ್ಲ ಬೇರೆ ಒಂದು ಪುಟಕ್ಕೆ ಹೋಗಿ ಬೀಳುತ್ತಿತ್ತು. ಅದನ್ನು ಪ್ರಲ್ಹಾದ ಮಾತ್ರ ತೆರೆಯಬಹುದಿತ್ತು. ಮೊದಲೊಂದು ತಿಂಗಳು ತೆರೆದು ಓದಿ ನಕ್ಕ. ಆಮೇಲೆ ಅದೂ ಬೇಸರವಾಗಿ ಬಿಟ್ಟುಬಿಟ್ಟ.

ಹಾಗೆ ಗೋಡೆಗೆ ಕೂತವರಲ್ಲಿ ಶಿರಹಟ್ಟಿಯ ಹಾಜಿರಾಬಿ ಒಬ್ಬಳು. ಕೌದಿ ಹೊಲಿಯುವ ಮುದುಕಿ. ಗಂಡ ಇದ್ದಾಗ ಸೀರೆಯ ಅಂಗಡಿ ಇತ್ತು. ಅವನು ಹೋದ ಮೇಲೆ ಸೂಜಿ ಹಿಡಿದಿದ್ದಳು. ಕಳೆದ ವರ್ಷ ಅವಳು ಕಟ್ಟೆಯಲ್ಲಿ ಒಂದು ಫೋಟೋ ಹಾಕಿ, ಸುನೀಲ ಕೈಮಗ್ಗದ್ದೆಂದು ಮಾರಿದ ಸೀರೆ ಮಷಿನ್ ಮಗ್ಗದ್ದು, ಅಂಚು ನೋಡಿದರೆ ಕುರುಡನಿಗೂ ತಿಳಿಯುತ್ತದೆ ಎಂದು ಬರೆದಳು. ಸುನೀಲ ಗದುಗಿನ ಸೀರೆ ವ್ಯಾಪಾರಿ, ಪ್ರಲ್ಹಾದನ ಗೆಳೆಯ. ಪ್ರಲ್ಹಾದ ಸೀರೆಯನ್ನು ನೋಡಲಿಲ್ಲ, ಸುನೀಲನನ್ನು ಕೇಳಲೂ ಇಲ್ಲ. 'ತಿಳಿಯದೆ ಮಾತಾಡಬಾರದು' ಎಂದು ಅವಳಿಗೆ ಬರೆದ. ಅವಳು ತಿರುಗಿ ಒಂದೇ ಸಾಲು ಬರೆದಳು: 'ಕಟ್ಟೆ ಮಾಲಕರೇ, ನೀವು ಮಗ್ಗದ ಮೇಲೆ ಯಾವತ್ತು ಕೂತಿದ್ದಿರಿ?'

ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದವನಿಗೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಬಟನ್ ಒತ್ತಿದ. ಮತ್ತೆ ಅವಳ ಹೆಸರು ನೆನೆಯಲಿಲ್ಲ.

ಇತ್ತ ಮುತ್ತಣ್ಣನಿಗೆ ಮರೆವು ಹತ್ತಿತ್ತು. ಮೊದಲು ಹೆಸರು ಮರೆತ, ಆಮೇಲೆ ಹೊತ್ತು ಮರೆತ, ಆಮೇಲೆ ಹೆಂಡತಿ ಸತ್ತದ್ದನ್ನೂ ಮರೆತ. ಮರೆಯದೆ ಉಳಿದದ್ದು ಕಾಲು. ಬೆಳಗಾದರೆ ಎದ್ದು ಬಂದು ಕುಣಿಯ ಅಂಚಿಗೆ ಕೂತು, ಕಾಲು ಒಳಗೆ ಬಿಟ್ಟು, ಇಲ್ಲದ ಹಲಗೆಯನ್ನು ಎಡ ಬಲ ತುಳಿಯುತ್ತಿದ್ದ. ಕೈ ಇಲ್ಲದ ಲಾಳಿ ಎಳೆಯುತ್ತಿತ್ತು. ಕಾಲು ಬ್ಯಾಟರಿಯ ಬಟನ್ನಿಗೆ ತಾಗಿ ಕಟ್ಟೆ ಒಮ್ಮೆಲೇ ಬಂದ್ ಆಗುತ್ತಿತ್ತು. ಲಕ್ಷ್ಮೇಶ್ವರದಿಂದ, ಮುಂಡರಗಿಯಿಂದ ಫೋನು ಶುರು: "ಪ್ರಲ್ಹಾದಣ್ಣಾ, ಕಟ್ಟಿ ಮಕ್ಕೊಂಡೈತಲ್ಲೋ!"

ಪ್ರಲ್ಹಾದ ಕುಣಿಯ ಮೇಲೆ ಒಂದು ಹಲಗೆ ಮುಚ್ಚಿದ. ಮುದುಕ ಅದನ್ನು ಸರಿಸಿ ಕೂತ. ಆ ಮಂಗಳವಾರ ಸಂಜೆ ಹಾಗೆ ಕೂತಾಗ ಒಂದು ಡಿಸ್ಕೇ ಸತ್ತಿತು.

"ನಿನ್ನ ಮಗ್ಗ ಸತ್ತು ಹತ್ತು ವರ್ಸಾತೋ ಮಾರಾಯಾ!" ಎಂದು ಪ್ರಲ್ಹಾದ ಓಣಿಗೆಲ್ಲ ಕೇಳುವಂತೆ ಕೂಗಿದ. "ಎಲ್ಲೀ ಮಗ್ಗ? ಎಲ್ಲೈತಿ ತೋರ್ಸು ನಂಗ! ಇಲ್ಲಿಲ್ಲ, ಮಗ್ಗ ಇಲ್ಲಿಲ್ಲ, ತಿಳೀತಾ?"

ಮುತ್ತಣ್ಣ ಅವನ ಮುಖವನ್ನೇ ನೋಡಿದ. "ಇಲ್ಲಿಲ್ಲಾ?" ಎಂದ. "ಹಂಗಾದ್ರ ಮತ್ತ ಎಲ್ಲೈತೋ ತಮ್ಮಾ?"

"ರೀ, ಸಾಕು ಮಾಡ್ರಿ," ಎಂದು ದ್ರಾಕ್ಷಾಯಣಿ ಅಪ್ಪನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋದಳು.

ಬುಧವಾರ ಬೆಳಗು ಅವಳು ನೀರು ತುಂಬಿ ಬರುವಷ್ಟರಲ್ಲಿ ಮುದುಕ ಮನೆಯಲ್ಲಿರಲಿಲ್ಲ. ಗೂಟಕ್ಕೆ ಹಾಕಿದ್ದ ಟವೆಲ್ಲೂ ಇರಲಿಲ್ಲ.

ಓಣಿ ನೋಡಿದರು, ಗುಡಿ ನೋಡಿದರು. ಪ್ರಲ್ಹಾದ ಪೊಲೀಸರಿಗೆ ಹೇಳಿ ಬಂದ. ಆಮೇಲೆ ಕಟ್ಟೆಯ ನೆತ್ತಿಯ ಮೇಲೆ, ಎಲ್ಲರಿಗೂ ಮೊದಲು ಕಾಣುವ ಹಾಗೆ, ಮಾವನ ಫೋಟೋ ಹಾಕಿ ಬರೆದ: 'ಮುತ್ತಣ್ಣ, ನಮ್ಮ ಮಾವನವರು, ಬೆಟಗೇರಿಯಿಂದ ಕಾಣೆಯಾಗಿದ್ದಾರೆ. ಮರೆವು ಇದೆ. ಬಿಳಿ ಧೋತರ, ಹೆಗಲ ಮೇಲೆ ಟವೆಲ್. ಕಂಡವರು ಕೆಳಗೆ ಬರೆಯಿರಿ.'

"ಫೋನ್ ನಂಬರ್ ಹಾಕ್ರಿ ಅದರಾಗ," ಎಂದಳು ದ್ರಾಕ್ಷಾಯಣಿ.

"ಹಾಕಿದ್ರ ಚುಕ್ಕಿ ಆಗತಾವು."

ಅದೂ ಅವನದೇ ಕಾಯಿದೆ. ಸೀರೆ ಮಾರುವ ಹೆಂಗಸರ ನಂಬರು ಹುಡುಕಿ ಕೆಲವು ಪುಂಡರು ಕಾಡಿದ್ದಕ್ಕೆ, ಕಟ್ಟೆಯಲ್ಲಿ ಯಾರೇ ನಂಬರು ಬರೆದರೂ ಚುಕ್ಕಿಗಳಾಗುವಂತೆ ಮಾಡಿಟ್ಟಿದ್ದ.

"ಇವತ್ತೊಂದಿನ ತಗೀರಿ ಅದನ್ನ."

"ತಗೀಬೇಕಂದ್ರ ಎಲ್ಲಾ ಬಂದ್ ಮಾಡಿ ಹೊಳ್ಳಿ ಚಾಲೂ ಮಾಡಬೇಕು. ನಿನ್ನೆ ಒಂದು ಡಿಸ್ಕ್ ಸತ್ತೈತಿ, ಇನ್ನೊಂದರ ಮ್ಯಾಲೆ ಕುಂಟಾಕತ್ತೈತಿ. ಬಂದ್ ಮಾಡಿದ್ರ ಎದ್ದೀತೋ ಇಲ್ಲೋ. ಕಂಡವರು ಬರೀತಾರ ತಗೋ. ನಾ ಮೊಬೈಲ್‌ನ್ಯಾಗ ನೋಡಕೋತಽ ಇರ್ತೀನಿ."

ಮೋಟರ್‌ಸೈಕಲ್ ಹತ್ತಿ ಹೊರಟ. ಗದುಗಿನ ರೈಲು ನಿಲ್ದಾಣ, ಹೊಸ ಬಸ್‌ಸ್ಟ್ಯಾಂಡು ನೋಡಿದ. ಮಾವನ ತಂಗಿಯನ್ನು ಕೊಟ್ಟ ಊರೆಂದು ಹಿರೇಹಂದಿಗೋಳಕ್ಕೆ ಹೋದ. ಒಮ್ಮೆ ಓಣಿಯ ಹುಡುಗರ ಜೊತೆ ಹುಲಿ ನೋಡಿ ಖುಷಿಪಟ್ಟಿದ್ದನೆಂದು ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯಕ್ಕೂ ಹೋದ. ಅಲ್ಲಿಯ ಗೇಟಿನವನು, "ಮುದುಕ ಒಬ್ಬನಽ ಬಂದ್ರ ಬಿಟ್ಟೇನೇನ್ರಿ?" ಎಂದ. ಕಟ್ಟೆಯಲ್ಲಿ ಬರೆದವರೇನು ಕಡಿಮೆಯಿರಲಿಲ್ಲ. 'ಅಯ್ಯೋ ಪಾಪ' ಎಂದು ಬರೆದರು, 'ದೇವರಿದ್ದಾನೆ' ಎಂದು ಬರೆದರು, ಕೈಮುಗಿದ ಚಿತ್ರ ಹಾಕಿದರು. ಕಂಡೆ ಎಂದವರು ಒಬ್ಬರೂ ಇಲ್ಲ.

ತಾಸಿಗೊಮ್ಮೆ ದ್ರಾಕ್ಷಾಯಣಿಯ ಫೋನು. "ಯಾರರ ಏನರ ಬರದಾರೇನ್ರಿ?"

"ಇಲ್ಲ."

"ಬರೋಬ್ಬರಿ ನೋಡಿದ್ರ್ಯಾ?"

"ಕಣ್ಣಿಲ್ಲೇನ ನನಗ? ಇಲ್ಲ ಅಂದ್ರ ಇಲ್ಲ!"

ಕತ್ತಲಾಗುವವರೆಗೆ ಅದೇ ಪ್ರಶ್ನೆ, ಅದೇ ಉತ್ತರ.

ಗುರುವಾರ ಬೆಳಿಗ್ಗೆ ಶಿರಹಟ್ಟಿ ಪೊಲೀಸರಿಂದ ಫೋನು ಬಂತು. ಮುಳಗುಂದದ ದಾರಿಯಲ್ಲಿ ಒಂದು ಸಿಡಿಯ, ಅಂದರೆ ಸಣ್ಣ ಸೇತುವೆಯ ಕೆಳಗೆ, ಒಣ ಹಳ್ಳದಲ್ಲಿ, ಮುತ್ತಣ್ಣ ಬಿದ್ದಿದ್ದ. ಕತ್ತಲೆಯಲ್ಲಿ ರಸ್ತೆಯ ಅಂಚು ತಪ್ಪಿ ಬಿದ್ದಿರಬೇಕು. ತಲೆ ಕಲ್ಲಿಗೆ ಬಡಿದಿತ್ತು. ಬಿದ್ದ ಕೂಡಲೇ ಹೋಗಿರಲಿಲ್ಲ. ಒಂದಷ್ಟು ದೂರ ತೆವಳಿದ ಗುರುತು ಮರಳಿನ ಮೇಲೆ ಇತ್ತು. ಟವೆಲ್ಲನ್ನು ಸೀರೆಯಂತೆ ನೀಟಾಗಿ ಮಡಚಿ ಕಂಕುಳಲ್ಲಿ ಅವುಚಿಕೊಂಡಿದ್ದ.

"ನಿನ್ನೆ ಹೊತ್ತು ಮುಳುಗಿದ ಮ್ಯಾಲೆ ಒಬ್ಬಾಕಿ ಮುದುಕಿ ಬಂದು ಹೇಳಿದ್ಲು," ಎಂದ ಹವಾಲ್ದಾರ. "ಹಗಲೆಲ್ಲಾ ಆಕಿ ಮನ್ಯಾಗಽ ಇದ್ನಂತ. ಉಂಡಾನಂತ. ನಮಾಜಿಗೆ ಕುಂತು ಏಳೂದ್ರಾಗ ಎದ್ದು ಹೋಗ್ಯಾನ. ಮನಿಯವರಿಗೆ ತಿಳಸೇನಿ, ಬರ್ತಾರ ಅಂದ್ಲಪಾ. ನಿಮಗ ಖಬರ ಬರಲಿಲ್ಲೇನು?"

"ಇಲ್ರಿ," ಎಂದ ಪ್ರಲ್ಹಾದ. ಶಿರಹಟ್ಟಿ. ಮುದುಕಿ. ಕೇಳಲಿಲ್ಲ ಅವನು, ಯಾವ ಮುದುಕಿ ಎಂದು.

ಮಣ್ಣು ಮಾಡಿ ಬಂದು ಮಿಂದವನೇ ಕುಣಿಯ ಮುಂದೆ ಕೂತು, ತಿಂಗಳುಗಟ್ಟಲೆ ತೆರೆಯದ ಆ ಪುಟ ತೆರೆದ. ಎಲ್ಲಕ್ಕಿಂತ ಮೇಲೆ ಮೂರು ಹೊಸವು ಇದ್ದವು. ಮೂರೂ ಬುಧವಾರದವು, ಮೂರೂ ಹಾಜಿರಾಬಿಯವು.

ಮೊದಲನೆಯದು ಮಧ್ಯಾಹ್ನದ್ದು. 'ಮುತ್ತಣ್ಣನವರು ಬಸ್ಸಿನಲ್ಲಿ ಶಿರಹಟ್ಟಿಗೆ ನಮ್ಮ ಮನೆಗೆ ಬಂದಿದ್ದಾರೆ. ಮೊದಲು ಅಂಗಡಿಗೆ ಕೊಡುತ್ತಿದ್ದ ಹಾಗೆ ನಮ್ಮ ಯಜಮಾನರಿಗೆ ಸೀರೆ ಕೊಡಬೇಕು ಅನ್ನುತ್ತಾರೆ. ಅವರು ತೀರಿಕೊಂಡದ್ದು ತಿಳಿದಿಲ್ಲ. ಆರಾಮ ಇದ್ದಾರೆ. ಬಂದು ಕರಕೊಂಡು ಹೋಗಿ.' ಅದರ ಕೆಳಗೆ ಮನೆಯ ಗುರುತು, ಮಸೀದಿಯ ಹಿಂದಿನ ಓಣಿ, ಬೇವಿನ ಗಿಡದ ಎದುರಿಗೆ ಎಂದು. ಅದರ ಕೆಳಗೆ ಅವಳ ನಂಬರು, ಚುಕ್ಕಿ ಚುಕ್ಕಿಯಾಗಿ.

ಎರಡನೆಯದು ಇಳಿಹೊತ್ತಿನದು. 'ರೊಟ್ಟಿ ಪುಂಡಿಪಲ್ಯ ಉಂಡರು. ಮಲಗಿ ಎದ್ದರು. ಮಗ್ಗಕ್ಕೆ ಹೋಗಬೇಕು ಅನ್ನುತ್ತಿದ್ದಾರೆ. ನಲವತ್ತೊಂದು ಮಂದಿ ನೋಡಿದ್ದೀರಿ. ಯಾರಾದರೂ ಅವರ ಮನೆಗೆ ಹೇಳಿರಿ. ನನಗೆ ಮೊಣಕಾಲು ನೋವು, ತಡೆದು ನಿಲ್ಲಿಸಲು ಆಗುವುದಿಲ್ಲ.'

ಮೂರನೆಯದು ಒಂದೇ ಸಾಲು. 'ಹೋಗಿಬಿಟ್ಟರು. ಜಲ್ದಿ ಬನ್ನಿ.'

ಮೂರರ ಕೆಳಗೂ ಅದೇ: ನಲವತ್ತೊಂದು ಮಂದಿ ನೋಡಿದರು.

ಅವಳು ಮೊದಲನೆಯದನ್ನು ಬರೆದ ಹೊತ್ತಿಗೆ ತಾನು ಬಿಂಕದಕಟ್ಟಿಯ ಗೇಟಿನ ಮುಂದೆ ನಿಂತಿದ್ದೆ ಎಂದು ಪ್ರಲ್ಹಾದನಿಗೆ ಲೆಕ್ಕ ಸಿಕ್ಕಿತು. ಅಲ್ಲಿಂದ ಶಿರಹಟ್ಟಿಗೆ ಮೋಟರ್‌ಸೈಕಲ್ಲಿನ ಮೇಲೆ ಎಷ್ಟು ಹೊತ್ತು? ಮುದುಕ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಹೋಗಿ ಮುಟ್ಟಬಹುದಿತ್ತು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಹಿರಿಯರು ಹೇಳುತ್ತಾರೆ. ಪ್ರಲ್ಹಾದನ ಸಿಟ್ಟಿಗೆ ಮೂಗು ಹೋದದ್ದು ಮುತ್ತಣ್ಣನದು.

ಒಳಗೆ ದ್ರಾಕ್ಷಾಯಣಿ ಅಳುವುದು ಕೇಳುತ್ತಿತ್ತು. "ಕಡೇ ತುತ್ತು ಯಾರೋ ಹಾಕ್ಯಾರಲ್ಲ, ಆ ತಾಯಿ ಯಾರೋ! ಆಕಿ ಪಾದ ಮುಟ್ಟಬೇಕು ನಾನು," ಎಂದು ನೆರೆಯವರ ಮುಂದೆ ಹಲುಬುತ್ತಿದ್ದಳು. ಪ್ರಲ್ಹಾದ ಆ ಧ್ವನಿಯನ್ನು ಕೇಳುತ್ತಲೇ ಮೂರನ್ನೂ ಆರಿಸಿದ. ಅಳಿಸಿದ. ಹಾಜಿರಾಬಿಯನ್ನು ಗೋಡೆಯಿಂದ ಎಬ್ಬಿಸಿ ಎಲ್ಲರಂತೆ ಮಾಡಿದ. ಗೋಡೆಯ ಗುರುತೇ ಇಲ್ಲದಂತಾಯಿತು.

ಮೂರನೆಯ ದಿನ ಮಾತಾಡಿಸಲು ಮಂದಿ ಬಂದಿದ್ದರು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಸುನೀಲ ಅಂಗಡಿ ಮುಚ್ಚಿ ಬಂದು ಗೋಡೆಗೆ ಒರಗಿ ಕೂತಿದ್ದ. ಆಗ ಬಾಗಿಲಲ್ಲಿ ಬುರ್ಖಾ ಹಾಕಿದ ಒಬ್ಬ ಮುದುಕಿ, ಕೈಯಲ್ಲಿ ಒಂದು ಬಟ್ಟೆಯ ಚೀಲ ಹಿಡಿದು, ಹೊಸ್ತಿಲ ಆಚೆಗೇ ನಿಂತಳು.

"ಮುತ್ತಣ್ಣನ ಮನಿ ಇದಽ ಏನ್ರಿ? ನಾ ಶಿರಹಟ್ಟಿ ಹಾಜಿರಾಬಿ."

ದ್ರಾಕ್ಷಾಯಣಿ ಎದ್ದು ಬಂದವಳೇ ಬಗ್ಗಿ ಕಾಲು ಮುಟ್ಟಿದಳು. "ನೀವಽ ಏನವಾ? ನಮ್ಮಪ್ಪಗ ಉಣಸಿದಾಕಿ ನೀವಽ ಏನು?"

"ಏಳ, ಮಗಳಽ, ಏಳು. ಹಂಗ ಮಾಡಬ್ಯಾಡ. ಉಣಸೂದೇನ್ ದೊಡ್ಡದು. ಹಿಡದು ಇಟ್ಕೊಳ್ಳಾಕ ಆಗಲಿಲ್ಲ ನನ್ನ ಕೈಲೆ." ಮುದುಕಿ ಒಳಗೆ ಬಂದು ಜಮಖಾನೆಯ ತುದಿಗೆ ಕೂತಳು. ಉಸಿರು ಹಿಡಿಯಿತು. ಆಮೇಲೆ ಸುತ್ತ ಕೂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ ಕೇಳಿದಳು: "ಒಂದ್ ಮಾತ ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನೀವ್ಯಾರೂ ಯಾಕ ಬರಲಿಲ್ಲ?"

"ನಮಗ ಗೊತ್ತಿದ್ರ ಬರ್ತಿರಲಿಲ್ಲೇನ್ ಬೇ?" ಎಂದ ಸುನೀಲ.

"ಬರದಿದ್ನೆಲ್ಲಪಾ ಕಟ್ಟಿಮ್ಯಾಲೆ. ಮೂರು ಸರ್ತಿ ಬರದೆ. ಮನಿ ಗುರ್ತ ಸೈತ ಬರದೆ."

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ನಾನು ನೋಡಿಲ್ಲ, ನೀನು ನೋಡಿದೆಯಾ, ಇಲ್ಲಪ್ಪ. ಒಂದಿಬ್ಬರು ಮೊಬೈಲು ತೆಗೆದರು. ಹಾಜಿರಾಬಿಯೂ ತನ್ನದನ್ನು ತೆಗೆದು, ಕಣ್ಣಿನ ಸಮೀಪ ಹಿಡಿದು, ಬೆರಳಿನಿಂದ ಮೇಲೆ ಕೆಳಗೆ ತಳ್ಳಿದಳು. ತಳ್ಳುತ್ತಲೇ ಇದ್ದಳು.

"ಇಲ್ಲೇ ಇತ್ತಲ್ಲ... ಮೊನ್ನೆ ನೋಡೇನಿ ನಾನು..."

"ಇಲ್ಲ ಬಿಡ್ರಿ, ಇಲ್ಲ," ಎಂದ ಸುನೀಲ ತನ್ನ ಮೊಬೈಲನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು. "ಮುತ್ತಣ್ಣನ ಫೋಟೋದ ಕೆಳಗ ನೂರು ಮಂದಿ ಬರದಾರ, ಈಕಿ ಬರದದ್ದು ಒಂದೂ ಇಲ್ಲ. ಬೇ, ಮುದುಕನ್ನ ಕಳಕೊಂಡು ಈಗ ನಮ್ಮ ಮ್ಯಾಲೆ ಹೊರಸಾಕ ಬಂದೀಯೇನು? ನಿನ್ನ ಬಾಯಿ ನನಗ ಮೊದಲಿಂದ ಗೊತ್ತೈತಿ."

ಪ್ರಲ್ಹಾದ ಕುಣಿಯ ಹತ್ತಿರ ನಿಂತಿದ್ದ. ಬೇರೆ ದಿನವಾಗಿದ್ದರೆ ಮನೆಗೆ ಬಂದ ಮುದುಕಿಗೆ ಹಾಗೆ ಅಂದವನ ಕಪಾಳಕ್ಕೆ ಬಾರಿಸುತ್ತಿದ್ದ. ಇವತ್ತು ಬಗ್ಗಿ ಕುಣಿಯ ಹಲಗೆಯನ್ನು ಸರಿಮಾಡತೊಡಗಿದ.

ಹಾಜಿರಾಬಿಗೆ ಕಣ್ಣೀರು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮುಖದಲ್ಲಿ ಗಲಿಬಿಲಿಯೊಂದೇ ಇತ್ತು. "ಸುಳ್ಳ ಯಾಕ ಹೇಳಲೋ ತಮ್ಮಾ. ಬರದಿದ್ದೆ. ಮಂದಿ ನೋಡಿದ್ರು. ಪ್ರತಿಸಲದಂಗ ನಲವತ್ತೊಂದು ಮಂದಿ ನೋಡಿದ್ರು. ಒಂದು ವರ್ಸಾತು, ನಾ ಕೌದಿ ಫೋಟೋ ಹಾಕಲಿ, ಹಬ್ಬದ ಮಾತು ಬರೀಲಿ, ಯಾರೂ ಉತ್ತರ ಕೊಡೂದಿಲ್ಲ, ಆದ್ರ ನಲವತ್ತೊಂದು ಮಂದಿ ಮಾತ್ರ ತಪ್ಪದ ನೋಡತಾರ. ಹೆಚ್ಚಿಲ್ಲ, ಕಡಿಮಿಲ್ಲ. ಅವರಽ ನನ್ನ ಮಂದಿ ಅಂತ ತಿಳಕೊಂಡಿದ್ದೆ. ಅದಕ್ಕಽ ಠಾಣೇಕ ಜಲ್ದಿ ಹೋಗಲಿಲ್ಲ. ಅಷ್ಟು ಮಂದಿ ನೋಡ್ಯಾರ, ಒಬ್ರರ ಬರ್ತಾರ ಅಂತ ಬಾಗಲಾ ಕಾಯಕೋತ ಕುಂತೆ."

ದ್ರಾಕ್ಷಾಯಣಿ ನೀರಿನ ತಂಬಿಗೆ ಹಿಡಿದು ಬಂದಿದ್ದವಳು ನಿಂತಲ್ಲೇ ನಿಂತಳು.

"ಎಷ್ಟ್ ಮಂದಿ ಅಂದ್ರಿ?"

"ನಲವತ್ತೊಂದು, ಮಗಳಽ."

ಅವಳು ಗಂಡನ ಕಡೆ ತಿರುಗಿದಳು. ಅತ್ತು ಅತ್ತು ಬಾತ ಕಣ್ಣು. ಅದರಲ್ಲಿ ಪ್ರಶ್ನೆಯೇ ಇರಲಿಲ್ಲ. ಸೌಟು ಹಿಡಿದು ನಕ್ಕವಳು ಅವಳೇ ಅಲ್ಲವೇ? ಪ್ರಲ್ಹಾದ ಕಣ್ಣು ತಪ್ಪಿಸಿ ಹಲಗೆ ನೋಡಿದ. ಹಲಗೆಯ ಕೆಳಗೆ ಪಂಖ ತಿರುಗುತ್ತಿತ್ತು.

"ಇರಲಿ ಬಿಡ್ರಿ," ಎಂದಳು ಹಾಜಿರಾಬಿ, ಮೊಣಕಾಲಿನ ಮೇಲೆ ಕೈ ಊರಿ ಏಳುತ್ತ. "ವಯಸ್ಸಾತು. ನನ್ನ ಕಣ್ಣಽ ಮೋಸ ಮಾಡಿರಬೇಕು. ಎಲ್ಲಿ ಬರದೆನೋ ಏನೋ." ಚೀಲದಿಂದ ಒಂದು ಸಣ್ಣ ಕೌದಿ ತೆಗೆದು ದ್ರಾಕ್ಷಾಯಣಿಯ ಕೈಗೆ ಇಟ್ಟಳು. "ಇದರ ಮ್ಯಾಲೆ ಮಲಗಿದ್ದ ನಿಮ್ಮಪ್ಪ ಅವತ್ತ. ನೀ ಇಟ್ಕೋ. ಮತ್ತ ಇದೊಂದು ಐತಿ ನೋಡು." ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಅವಳ ಮನೆ ಬಾಗಿಲ ಮೆಟ್ಟಿಲಿನಲ್ಲಿ, ಎತ್ತರದ ಪಾವಟಿಗೆಯ ಮೇಲೆ ಮುತ್ತಣ್ಣ ಕಾಲು ಇಳಿಬಿಟ್ಟು ಕೂತಿದ್ದ. ಒಂದು ಕಾಲು ಮುಂದೆ, ಒಂದು ಹಿಂದೆ. ಮಡಿಲಲ್ಲಿ ಮಡಚಿದ ಟವೆಲ್. ಬಾಯಿ ತುಂಬ ನಗು.

ಫೋಟೋ ಕೈಯಿಂದ ಕೈಗೆ ಹೋಯಿತು. ಸುನೀಲ ಅದನ್ನು ನೋಡಿ ತಲೆ ತಗ್ಗಿಸಿದ. ಆದರೂ ಬರೆದಿದ್ದಳು ಎಂದು ಯಾರೂ ನಂಬಲಿಲ್ಲ. ಫೋಟೋ ಬೇರೆ, ಬರೆಯುವುದು ಬೇರೆ. ಪ್ರಲ್ಹಾದ ಬಾಯಿ ತೆರೆದರೆ ನಂಬುತ್ತಿದ್ದರು. ಅವನು ತೆರೆಯಲಿಲ್ಲ.

ದ್ರಾಕ್ಷಾಯಣಿ ಒಳಗೆ ಹೋಗಿ, ಸೀರೆ ಬದಲಿಸದೆ, ಬರೀ ಒಂದು ಚೀಲ ಹಿಡಿದು ಬಂದಳು. "ನಡೀರಿ ಯವ್ವಾ. ಅಪ್ಪ ಕುಂತ ಪಾವಟಿಗಿ ನೋಡಬೇಕು ನಾನು."

ಸೂತಕದ ಮನೆ ಬಿಟ್ಟು ಮಗಳು ಹೊರಗೆ ಹೋಗುವುದುಂಟೇ ಎಂದು ನೆರೆಯವರು ಬಾಯಿ ಮಾಡಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರಲ್ಹಾದ ಬಾಗಿಲವರೆಗೆ ಹಿಂದೆ ಹೋದ.

"ಯಾವಾಗ ಬರ್ತಿ?"

ಅವಳು ದನಿ ಎತ್ತಲಿಲ್ಲ. "ಆಕಿ ಬರದದ್ದು ಎಲ್ಲಿ ಹೋತು ಅಂತ ನಾ ನಿಮ್ಮನ್ನ ಕೇಳೂದಿಲ್ಲ. ಯಾವಾಗ ಬರ್ತಿ ಅಂತ ನೀವೂ ನನ್ನ ಕೇಳಬ್ಯಾಡ್ರಿ."

ಇಬ್ಬರೂ ಹೆಂಗಸರು ಓಣಿಯ ತಿರುವಿನಲ್ಲಿ ಮರೆಯಾದರು. ಮುದುಕಿ ಕುಂಟುತ್ತಿದ್ದಳು. ದ್ರಾಕ್ಷಾಯಣಿ ಅವಳ ರಟ್ಟೆ ಹಿಡಿದಿದ್ದಳು, ಅಪ್ಪನದನ್ನು ಹಿಡಿಯುತ್ತಿದ್ದ ಹಾಗೆಯೇ.

ಬಂದವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು. ಕಡೆಗೆ ಎದ್ದ ಸುನೀಲ ಭುಜ ತಟ್ಟಿ, "ಮುದುಕೀ ಮಾತು ತಲ್ಯಾಗ ಹಚ್ಕೋಬ್ಯಾಡೋ," ಎಂದ. ಪ್ರಲ್ಹಾದ ಆ ಕೈಯನ್ನು ಭುಜದಿಂದ ಎತ್ತಿ ಬಿಸುಟ.

"ಆ ಸೀರಿ ಮಷಿನ್ನಿಂದಽ ಏನ್ಲೇ?" ಎಂದು ಕೇಳಿದ.

"ಯಾವ ಸೀರಿ?"

"ಆಕಿ ಹೋದ ವರ್ಸ ಫೋಟೋ ಹಾಕಿದ್ದು."

ಸುನೀಲ ಚಪ್ಪಲಿ ಹುಡುಕಿದ. "ಈಗ ಯಾಕದು? ವ್ಯಾಪಾರದಾಗ ಅಷ್ಟಿಷ್ಟು ಇರೂದಽ," ಎಂದು ಹೊರಟುಹೋದ.

ಮನೆ ಖಾಲಿ. ಪ್ರಲ್ಹಾದ ದೇವರ ಜಗಲಿಯ ಮುಂದೆ ಹೋಗಿ ನಿಂತ. ಡಿಸ್ಕಿನ ಮೇಲೆ ಬುಧವಾರದ ಕುಂಕುಮ ಒಣಗಿ ಪುಡಿಯಾಗಿತ್ತು. ಅವನು ಅಳಿಸಿದ್ದು ಗುರುವಾರ ಸಂಜೆ. ಅವತ್ತಿನ ಬೆಳಗಿನ ಜಾವದ ನಕಲು ಇದರಲ್ಲಿತ್ತು, ಆಮೇಲೆ ಹೊಸ ನಕಲು ಇಳಿದಿರಲಿಲ್ಲ. ಅಳಿಸುವಾಗಲೇ ಅವನಿಗೆ ಅದು ನೆನಪಿತ್ತು. ನೆನಪಿದ್ದೂ ಇದನ್ನು ಮುಟ್ಟಿರಲಿಲ್ಲ. ಯಾಕೆ ಎಂದು ಕೇಳಿದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ.

ಕುಣಿಯ ಹಲಗೆ ಸರಿಸಿದ. ಕೂರಲು ಬೇರೆ ಜಾಗವಿಲ್ಲ. ಮುದುಕ ಕೂತಲ್ಲೇ ಕೂತು, ಕಾಲು ಒಳಗೆ ಬಿಟ್ಟು, ಡಿಸ್ಕು ಜೋಡಿಸಿದ. ಮೂರೂ ಸಿಕ್ಕವು. ಮೂರನ್ನೂ ಅವು ಇರಬೇಕಾದ ಜಾಗಕ್ಕೆ, ಮುತ್ತಣ್ಣನ ಫೋಟೋದ ಕೆಳಗೆ, ಎಲ್ಲರಿಗೂ ಕಾಣುವಂತೆ ಹಚ್ಚಿದ. ಸುಳ್ಳು ಎಣಿಕೆಯನ್ನು ಬೇರುಸಹಿತ ಕಿತ್ತು ಹಾಕಿದ. ಆಮೇಲೆ ಬರೆಯಲು ಕೂತ. ಅವನ ಬರಹ ಎಂದೂ ಚಂದವಿರಲಿಲ್ಲ, ಅವತ್ತೂ ಇರಲಿಲ್ಲ.

'ಹಾಜಿರಾಬಿಯವರು ಬುಧವಾರವೇ ಬರೆದಿದ್ದರು. ನಿಮಗೆ ಕಾಣದಂತೆ ಮಾಡಿದವನು ನಾನು. ವರ್ಷದ ಹಿಂದೆ ಅವರು ಸೀರೆಯ ಬಗ್ಗೆ ಖರೆ ಮಾತು ಹೇಳಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ನಲವತ್ತೊಂದು ಮಂದಿ ನೋಡಿದರು ಎಂದು ಅವರಿಗೆ ತೋರಿಸಿದ್ದು ಸುಳ್ಳು. ಒಬ್ಬರೂ ನೋಡಿರಲಿಲ್ಲ. ಮಾವ ಸತ್ತ ಮೇಲೆ ಅದನ್ನು ಅಳಿಸಿದವನೂ ನಾನೇ. ಇವತ್ತು ಆ ತಾಯಿ ನನ್ನ ಮನೆಯಲ್ಲಿ ಸುಳ್ಳುಗಾತಿ ಅನ್ನಿಸಿಕೊಂಡು ಹೋದಳು. ಆಗ ನಾನು ಬಾಯಿ ಮುಚ್ಚಿ ನಿಂತಿದ್ದೆ.' ಕೆಳಗೆ ತನ್ನ ಹೆಸರು ಬರೆದು ಒತ್ತಿದ.

ಕೆಳಗಿನ ನಿಜವಾದ ಎಣಿಕೆ ಸೊನ್ನೆಯಲ್ಲಿತ್ತು. ಸ್ವಲ್ಪ ಹೊತ್ತಿಗೆ ಒಂದಾಯಿತು. ಯಾರೆಂದು ತಿಳಿಯುವ ದಾರಿ ಅವನ ಹತ್ತಿರ ಇತ್ತು, ನೋಡಲಿಲ್ಲ. ಶಿರಹಟ್ಟಿಯ ಬಸ್ಸು ಈಗ ಮುಳಗುಂದ ದಾಟಿರಬಹುದು, ಆ ಸಿಡಿಯ ಮೇಲೆ ಹೋಗುತ್ತಿರಬಹುದು. ಎಣಿಕೆ ಎಂಟಾಯಿತು, ಇಪ್ಪತ್ತಾಯಿತು, ನಲವತ್ತು ದಾಟಿ ಮುಂದೆ ಹೋಯಿತು. ಯಾರೂ ಏನೂ ಬರೆಯಲಿಲ್ಲ. ಕೈಮುಗಿದ ಚಿತ್ರ ಕೂಡ ಇಲ್ಲ. ನೋಡುತ್ತಿದ್ದರು ಅಷ್ಟೇ.

ಬಹಳ ಹೊತ್ತಿನ ಮೇಲೆ ಲಕ್ಷ್ಮೇಶ್ವರದ ಒಬ್ಬ, ಪ್ರಲ್ಹಾದ ಮುಖ ಕಂಡಿರದ ಲಕ್ಕಪ್ಪ ಎಂಬವನು ಬರೆದ: 'ನೀ ಮನುಷ್ಯಾ ಏನ್ಲೇ? ಮಾವನ್ನ ಕೊಂದ ಮಗನ, ಇನ್ನೂ ಈ ಕಟ್ಟಿ ಮ್ಯಾಲೆ ಹೆಂಗ ಕುಂತೀಯಲೇ?'

ಪ್ರಲ್ಹಾದನ ಕಿವಿ ಬಿಸಿಯಾದವು. ಬೆರಳು ತಾನೇ ತಾನಾಗಿ ಆ ಹೆಸರಿನ ಪಕ್ಕದ ಬಟನ್ನಿಗೆ ಹೋಗಿತ್ತು. ಒತ್ತುವುದೊಂದು ಬಾಕಿ. ಹೋದ ಬೆರಳನ್ನು ನೋಡಿದ. ಕೈಯನ್ನು ಎತ್ತಿ ತೊಡೆಯ ಕೆಳಗೆ ಇಟ್ಟು ಅದರ ಮೇಲೆಯೇ ಕೂತ.

ಅಷ್ಟರಲ್ಲಿ ಎರಡನೆಯವನು ಬರೆದ. ಆಮೇಲೆ ಮೂರನೆಯವಳು ಬರೆದಳು. ಒಂದನ್ನೂ ಬಿಡದೆ ಓದುತ್ತ ಹೋದ. ಓಣಿಯಲ್ಲಿ ಕರೆಂಟು ಹೋಯಿತು. ಬ್ಯಾಟರಿಯ ಮೇಲೆ ಪಂಖ ತಿರುಗುತ್ತಲೇ ಇತ್ತು.